ಬೆಳ್ಳಿ ರೂಪಾಯಿ ಉಜ್ಜುವ ಮಹನೀಯರಿಗೊಂದು ಬಹಿರಂಗ ಪತ್ರ

ಮಾನ್ಯ ಹೊಳಪುಪ್ರಿಯರೇ,

ನಿಮ್ಮ ಸೇವೆಯನ್ನು ನೆನೆದು ನಾಲ್ಕು ಜನರೆದುರು ಕೃತಜ್ಞತೆ ಹೇಳುವವರು ಈವರೆಗೆ ಯಾರೂ ಇರಲಿಲ್ಲ. ಆ ಕೊರತೆಯನ್ನು ನೀಗಿಸಲು ಈ ಪತ್ರ.

ಶ್ರಾವಣದ ಲಕ್ಷ್ಮೀ ವ್ರತ ಬಂತೆಂದರೆ ನೀವು ಬೀರು ತೆರೆಯುತ್ತೀರಿ. ಅಜ್ಜಿಯ ಕಾಲದ ಡಬ್ಬಿಯಿಂದ ರಾಣಿ ಛಾಪಿನ ರೂಪಾಯಿಗಳನ್ನು ತಟ್ಟೆಗೆ ಸುರಿಯುತ್ತೀರಿ. 'ಅಯ್ಯೋ, ಎಷ್ಟು ಕಪ್ಪಾಗಿಬಿಟ್ಟಿವೆ, ಲಕ್ಷ್ಮೀನ ಹೀಗಾ ಇಡೋದು?' ಎಂದು ಲೊಚಗುಟ್ಟುತ್ತೀರಿ. ಹಳೆಯ ಹಲ್ಲುಜ್ಜುವ ಬ್ರಷ್ಷು ಬರುತ್ತದೆ, ಟೂತ್‌ಪೇಸ್ಟ್ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಹುಣಸೆಹಣ್ಣು, ಉಪ್ಪು, ನಿಂಬೆ ಹೋಳು, ವಿಭೂತಿ, ಕಡೆಗೆ ಪಾತ್ರೆ ತಿಕ್ಕುವ ಪುಡಿ. ಅರ್ಧ ಗಂಟೆಯೊಳಗೆ ಒಂದೂವರೆ ಶತಮಾನ ಬಚ್ಚಲಿಗೆ ಹರಿದುಹೋಗಿ, ನಾಣ್ಯಗಳು ಬಿಳಿಚಿಕೊಂಡು ಮಿರುಗುತ್ತವೆ. 'ಮೊದಲು', 'ಆಮೇಲೆ' ಎಂದು ಎರಡು ಫೋಟೊ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೀರಿ. ಚಿಕ್ಕಪ್ಪ, ಸೋದರತ್ತೆ, ಅಮೆರಿಕದಲ್ಲಿರುವ ಭಾವ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ.

ನಾನೂ ಎತ್ತುತ್ತೇನೆ, ಎರಡೂ ಕೈಯದ್ದು. ಯಾಕೆಂದರೆ ನಾನು ಹಳೆಯ ಬೆಳ್ಳಿ ನಾಣ್ಯ ಕೂಡಿಡುವವನು. ನೀವು ಒಂದು ರೂಪಾಯಿ ಉಜ್ಜಿದಿರೆಂದರೆ ಊರಿನಲ್ಲಿ ಉಜ್ಜದ ರೂಪಾಯಿ ಒಂದು ಕಡಿಮೆಯಾಯಿತು. ಕಡಿಮೆಯಾದಷ್ಟೂ ನನ್ನ ಪೆಟ್ಟಿಗೆಯಲ್ಲಿರುವವಕ್ಕೆ ತೂಕ ಬಂತು. ನಾನು ಮನೆಯಲ್ಲಿ ಕಾಲು ಚಾಚಿ ಕೂತಿರುವಾಗ ನನ್ನ ಸಂಗ್ರಹದ ಬೆಲೆ ಏರಿಸಲು ಬೆವರು ಸುರಿಸುತ್ತಿರುವವರು ನೀವು. ಇಂಥ ನಿಸ್ವಾರ್ಥ ಸೇವೆಗೆ ಧನ್ಯವಾದ ಹೇಳದಿದ್ದರೆ ಕೃತಘ್ನನಾಗುತ್ತೇನೆ.

ಆದರೆ ಒಂದು ಆತಂಕವಿದೆ. ನಾಣ್ಯ ಬಲ್ಲವರೆಂದು ಹೇಳಿಕೊಳ್ಳುವ ಒಂದು ಪಂಗಡ ನಿಮ್ಮ ಕೈ ತಡೆಯಲು ಹೊಂಚು ಹಾಕಿದೆ. ಅವರ ಮಾತು ಕಿವಿಗೆ ಬಿದ್ದರೆ ನೀವು ಬ್ರಷ್ಷು ಕೆಳಗಿಟ್ಟುಬಿಡುವ ಅಪಾಯವುಂಟು. ಆದ್ದರಿಂದ ಅವರು ಏನೇನು ಹೇಳುತ್ತಾರೆಂದು ನಾನೇ ಮುಂಚಿತವಾಗಿ ತಿಳಿಸಿಬಿಡುತ್ತೇನೆ. ಓದಿಕೊಂಡು, ದಯವಿಟ್ಟು ನಂಬದೆ ಇರಿ.

ಅವರ ಮೊದಲನೆಯ ತಕರಾರು ಇದು: ನಾಣ್ಯದ ಮೇಲಿರುವುದೆಲ್ಲ ಕೊಳೆಯಲ್ಲ. ಬೆಳ್ಳಿಗೆ ಗಾಳಿಯಲ್ಲಿರುವ ಗಂಧಕದ ಅಂಶ ತಾಗುತ್ತದೆ, ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಎಂಬ ಪದರ ಕೂರುತ್ತದೆ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ದಪ್ಪವಾದರೂ ಸಾಕು, ಅದು ಕಣ್ಣಿಗೆ ಬಣ್ಣವಾಗಿ ಕಾಣುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದುಗೆಂಪು, ನೇರಳೆ, ನೀಲಿ, ಬಹಳ ಕಾಲದ ಮೇಲೆ ಕಪ್ಪು. ಬಣ್ಣ ಬಳಿದವರು ಯಾರೂ ಇಲ್ಲ, ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಆಡುವ ಆಟ ಅದು. ಈ ಪದರ ಹುಟ್ಟುವುದು ನಾಣ್ಯದ್ದೇ ಬೆಳ್ಳಿಯಿಂದ. ಹಾಗಾಗಿ ಅದನ್ನು ಕಿತ್ತರೆ ಜೊತೆಗೆ ಬೆಳ್ಳಿಯೂ ಹೋಗುತ್ತದೆ, ಇದ್ದಂತೆ ಬಿಟ್ಟರೆ ಅಡಿಯಲ್ಲಿರುವ ಬೆಳ್ಳಿ ಅಷ್ಟರ ಮಟ್ಟಿಗೆ ನಿಧಾನವಾಗಿ ಸವೆಯುತ್ತದೆ ಎಂದು ಆ ಪಂಗಡದವರು ವಾದಿಸುತ್ತಾರೆ. ಸಮವಾಗಿ, ಮೆಲ್ಲಗೆ ಬಣ್ಣ ತಿರುಗಿದ ರೂಪಾಯಿಗೆ ಅವರಲ್ಲಿ ಕೆಲವರು ಹೆಚ್ಚು ದುಡ್ಡನ್ನೂ ಕೊಡುತ್ತಾರಂತೆ. ಕಪ್ಪಾದದ್ದಕ್ಕೆ ಹೆಚ್ಚು ದುಡ್ಡು! ಇವರ ತಲೆ ಸರಿಯಿದೆಯೇ ಎಂದು ನೀವು ಕೇಳುವುದು ಸಹಜ.

ಎರಡನೆಯ ತಕರಾರು ಹೊಳಪಿನ ಬಗ್ಗೆ. ಟಂಕಸಾಲೆಯಲ್ಲಿ ಅಚ್ಚು ಬೀಳುವ ಕ್ಷಣದಲ್ಲಿ ಲೋಹ ಒತ್ತಡಕ್ಕೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಅತಿ ಸೂಕ್ಷ್ಮ ಗೆರೆಗಳು ಮೇಲ್ಮೈಯಲ್ಲಿ ಉಳಿಯುತ್ತವೆ. ಬಳಕೆಯಾಗದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಬೆಳಕಿನ ಕಡ್ಡಿಗಳು ಸುತ್ತಿದಂತೆ ಕಾಣುವುದು ಈ ಗೆರೆಗಳಿಂದಲೇ. ಅದು ಒಮ್ಮೆ ಹೋದರೆ ಹೋಯಿತು. ಯಾವ ಅಕ್ಕಸಾಲಿಗನೂ ಮರಳಿ ತರಲಾರ. ಬ್ರಷ್ಷಿನ ಹೊಳಪು ಬೇರೆ ಜಾತಿಯದು. ಭೂತಗನ್ನಡಿಯಲ್ಲಿ ನೋಡಿದರೆ ಅದರ ತುಂಬ ನಿಮ್ಮ ಕೈ ಓಡಿದ ದಿಕ್ಕಿಗೇ ಸಾವಿರ ಗೀರುಗಳು. ಬೆಳ್ಳಿಯ ಗಡಸುತನ ಮೋಸ್ ಅಳತೆಯಲ್ಲಿ 2.5ರಿಂದ 3. ಮನೆಯ ದೂಳಿನಲ್ಲಿರುವ ಮರಳಿನ ಕಣದ್ದು 7. ಒಣ ಬಟ್ಟೆಯಲ್ಲಿ 'ಸುಮ್ಮನೆ ಒರೆಸಿದೆ' ಅಂದರೂ ಆ ಕಣ ತನ್ನ ಕೆಲಸ ಮಾಡಿಯೇ ಇರುತ್ತದೆ. ಎನ್‌ಜಿಸಿ, ಪಿಸಿಜಿಎಸ್ ಮುಂತಾದ ದರ್ಜೆ ನೀಡುವ ಸಂಸ್ಥೆಗಳು ಇಂಥ ನಾಣ್ಯಕ್ಕೆ ಅಂಕ ಕೊಡದೆ, 'ಉಜ್ಜಿದ್ದು' ಎಂದು ಷರಾ ಬರೆದು ಕಳಿಸುತ್ತವೆ. ಅಂಕವಿಲ್ಲದ ನಾಣ್ಯಕ್ಕೆ ಕೊಳ್ಳುವವನು ಬೆಳ್ಳಿಯ ತೂಕಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಅದು ಅವನ ದೊಡ್ಡತನ.

ತೂಕದ ಮಾತು ಬಂತು. 1835ರ ಕಾಯ್ದೆಯ ನಂತರ ರೂಪಾಯಿ ಎಂದರೆ 180 ಗ್ರೇನು, ಅಂದರೆ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ನಿಮ್ಮ ಮನೆಯ ರೂಪಾಯಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟು ನೋಡಿ. ಜನರ ಕೈಯಲ್ಲಿ ಓಡಾಡಿ ಸವೆದದ್ದು ಒಂದಿಷ್ಟು ಇರುತ್ತದೆ. ಅದಕ್ಕಿಂತ ಹೆಚ್ಚಾಗಿ ಹೋಗಿದ್ದರೆ, ಪ್ರತಿ ವರ್ಷದ ವ್ರತದ ಪಾಲು ಎಷ್ಟೆಂದು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಬಹುದು. ಬಚ್ಚಲಿಗೂ ಒಂದು ಲಕ್ಷ್ಮೀಪೂಜೆ ಸಲ್ಲಬೇಕಾದೀತು.

ಇನ್ನು ನಿಮ್ಮ ಕೈಚಳಕದ ಒಂದು ಉದಾಹರಣೆ ಕೊಡದಿದ್ದರೆ ಅನ್ಯಾಯವಾಗುತ್ತದೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಹೊಸ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆಯಿತ್ತು. ಕೆತ್ತಿದವರ ದುರದೃಷ್ಟ, ಸೊಂಡಿಲು ಗಿಡ್ಡವಾಗಿ ಅದು ಹಂದಿಯ ಹಾಗೆ ಕಂಡಿತು. ಜನ ಅದನ್ನು 'ಹಂದಿ ರೂಪಾಯಿ' ಎಂದರು. ಗದ್ದಲವಾಗಿ ಸರ್ಕಾರ ಹಂಚಿಕೆ ನಿಲ್ಲಿಸಿತು, ಬಹುಪಾಲು ನಾಣ್ಯಗಳನ್ನು ಕರಗಿಸಿತು. 1912ರಲ್ಲಿ ಸೊಂಡಿಲು, ಕಿವಿ ಎಲ್ಲ ಸ್ಪಷ್ಟವಾಗುವಂತೆ ಅಚ್ಚು ತಿದ್ದಿ ಹೊರತಂದಿತು. ಬ್ರಿಟಿಷ್ ಸಾಮ್ರಾಜ್ಯ ಅಷ್ಟೆಲ್ಲ ತಿಣುಕಿ ಆನೆ ಮಾಡಿದ್ದನ್ನು ನೀವು ಎರಡು ಬೆರಳು ಟೂತ್‌ಪೇಸ್ಟಿನಲ್ಲಿ ಮತ್ತೆ ಹಂದಿ ಮಾಡಿಬಿಡುತ್ತೀರಿ. ಇದಕ್ಕಿಂತ ದೊಡ್ಡ ವಸಾಹತುವಿರೋಧಿ ಕೃತ್ಯ ಇನ್ನೊಂದಿಲ್ಲ.

1862ರ ವಿಕ್ಟೋರಿಯಾ ರೂಪಾಯಿಯ ಮೇಲೂ ನಿಮ್ಮ ಉಪಕಾರ ಇದೆ. ಆ ಇಸವಿ ಹೊತ್ತ ರೂಪಾಯಿಗಳು 1862ಕ್ಕೆ ನಿಲ್ಲಲಿಲ್ಲ. ಇಸವಿ ಬದಲಿಸದೆ 1874ರವರೆಗೂ ಅಚ್ಚಾಗುತ್ತ ಹೋದವು. ಬೊಂಬಾಯಿ ಟಂಕಸಾಲೆಯವುಗಳ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳಿವೆ. ಯಾವ ವರ್ಷದ ಅಚ್ಚು ಎಂಬುದಕ್ಕೆ ಆ ಚುಕ್ಕೆಗಳ ಎಣಿಕೆಯೇ ಗುರುತು ಎಂದು ಸಂಗ್ರಾಹಕರು ಓದುತ್ತಾರೆ. ಒಂದು ಚುಕ್ಕೆ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಬೆಲೆ ಎದ್ದು ಕೂರುತ್ತದೆ. ಇವರಿಗೆ ಬೇರೆ ಕೆಲಸವಿಲ್ಲ, ನಿಜ. ಆದರೆ ಆ ಚುಕ್ಕೆಗಳನ್ನು ಪುಡಿ ಹಾಕಿ ತಿಕ್ಕಿ ನೆಲಸಮ ಮಾಡಿದ ಮೇಲೆ ಅವರಿಗೆ ಇದ್ದ ಕೆಲಸವೂ ತಪ್ಪುತ್ತದೆ.

ನೀವು ಉಜ್ಜಿದ್ದು 1918ರದ್ದಾಗಿದ್ದರೆ ನನ್ನಿಂದ ಅಷ್ಟು ದೊಡ್ಡ ಧನ್ಯವಾದ ನಿರೀಕ್ಷಿಸಬೇಡಿ. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಬೆಳ್ಳಿಗೆ ತತ್ವಾರವಾದಾಗ ಅಮೆರಿಕ ಪಿಟ್‌ಮನ್ ಕಾಯ್ದೆಯ ಮೂಲಕ ತನ್ನ ಸುಮಾರು 26 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿ, ಭಾರತದ ಸಲುವಾಗಿ ಬ್ರಿಟನ್ನಿಗೆ ಮಾರಿತು. ಆ ಕಾಲದ ರೂಪಾಯಿಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಇವತ್ತಿಗೂ ಯಥೇಚ್ಛವಾಗಿ ಸಿಗುತ್ತವೆ. ಉಜ್ಜುವ ಹುರುಪಿನಲ್ಲಿ ಅಕಸ್ಮಾತ್ 1939ರ ಆರನೆಯ ಜಾರ್ಜ್ ರೂಪಾಯಿ ಕೈಗೆ ಬಂದರೆ ಮಾತ್ರ ಚೆನ್ನಾಗಿ, ಎರಡೂ ಬದಿ ತಿಕ್ಕಿ. ಅದು ಅಪರೂಪದ್ದು, ನನ್ನಂಥವರಿಗೆ ಅದರಿಂದಾಗುವ ಲಾಭವೂ ಅಷ್ಟೇ ಅಪರೂಪದ್ದು.

1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ನಿಮಗೊಂದು ವಿನೋದ ಕಾದಿದೆ. ಯುದ್ಧಕಾಲದಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಉಳಿದರ್ಧದಲ್ಲಿ ಹೆಚ್ಚಿನದು ತಾಮ್ರ, ಜೊತೆಗೆ ನಿಕಲ್, ಸತು. ಇಂಥ ಕಡಿಮೆ ಬೆಳ್ಳಿಯ ನಾಣ್ಯದ ಹೊರಮೈಯಲ್ಲಿ ಒಳಗಿಗಿಂತ ಬೆಳ್ಳಿಯ ಅಂಶ ತುಸು ಹೆಚ್ಚಿರುತ್ತದೆ. ಆ ಹೊರಮೈಯನ್ನು ನೀವು ತಿಕ್ಕಿ ತೆಗೆದರೆ ಅಡಿಯಿಂದ ಮಾಸಲು ಹಳದಿ ಬಣ್ಣ ಇಣುಕುತ್ತದೆ. ಆಗ ನೀವು 'ನಕಲಿ! ನಮ್ಮ ತಾತನಿಗೆ ಯಾರೋ ಟೋಪಿ ಹಾಕಿದ್ದಾರೆ' ಎಂದು ಉದ್ಗರಿಸುತ್ತೀರಿ. ತಾತ ಪಾಪ ಅಸಲಿಯನ್ನೇ ತಂದಿದ್ದರು.

ಇಲ್ಲಿಯವರೆಗೆ ಆ ಪಂಗಡದವರ ದೂರು. ಇನ್ನು ಅವರ ಅಸಲು ಕುತಂತ್ರ ಕೇಳಿ. 'ಏನನ್ನೂ ಮುಟ್ಟಬೇಡಿ' ಎಂದಷ್ಟೇ ಹೇಳಿದ್ದರೆ ಅವರನ್ನು ಸೋಮಾರಿಗಳೆಂದು ತಳ್ಳಿಹಾಕಬಹುದಿತ್ತು. ಅವರು ಹೇಳುವುದು ಬೇರೆ: ಮೊದಲು ಮೇಲಿರುವುದು ಏನೆಂದು ಗುರುತಿಸಿ, ಹೊರಗಿನಿಂದ ಬಂದು ಅಂಟಿದ್ದನ್ನು ಮಾತ್ರ ಕಳಚಿ, ನಾಣ್ಯದ್ದೇ ಆದದ್ದನ್ನು ಬಿಡಿ. ಇದಕ್ಕೆ ಬೇಕಾದದ್ದು ಒಂದು ಭೂತಗನ್ನಡಿ, ಓರೆ ಬೆಳಕು, ತಾಳ್ಮೆ. ಕೊನೆಯದು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದೇ ನಮ್ಮ ಪುಣ್ಯ.

ಅವರ ಗುರುತಿಸುವ ಬಗೆ ಹೀಗಿದೆ.

ಪದರ ನುಣುಪಾಗಿದ್ದು, ಅದರಡಿಯಲ್ಲಿ ಅಕ್ಷರ, ಕೂದಲು, ಹೂಬಳ್ಳಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದರೆ ಅದು ಮೊದಲು ಹೇಳಿದ ಸಲ್ಫೈಡ್. ಅದಕ್ಕೆ ಮದ್ದು ಸುಮ್ಮನಿರುವುದು.

ಹಸಿರು ಬಣ್ಣದ, ಜಿಗುಟಾದ, ಉಗುರು ತಾಗಿದರೆ ಎಳೆ ಬರುವ ಲೋಳೆ ಇದ್ದರೆ ಅದು ಪ್ಲಾಸ್ಟಿಕ್ಕಿನ ಕರಾಮತ್ತು. ಫೋಟೊ ಅಂಗಡಿಯ ಮೆತ್ತನೆಯ ಆಲ್ಬಮ್ಮಿನ ಜೇಬುಗಳು ಪಿವಿಸಿಯವು. ವರ್ಷಗಳು ಕಳೆದಂತೆ ಪಿವಿಸಿ ಒಡೆಯುತ್ತದೆ, ಅದನ್ನು ಮೆತ್ತಗೆ ಇಟ್ಟಿದ್ದ ಎಣ್ಣೆಯಂಥ ವಸ್ತು ಹೊರಗೆ ಜಿನುಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವೂ ಹೊರಡುತ್ತದೆ. ಆಮ್ಲಕ್ಕೆ ಮೊದಲು ಸಿಗುವುದು ನಾಣ್ಯದೊಳಗಿನ ತಾಮ್ರ, ಅದಕ್ಕೇ ಹಸಿರು. ಇದು ಬಿಡುವ ಕೊಳೆಯಲ್ಲ, ಬಿಟ್ಟರೆ ಲೋಹವನ್ನು ತಿನ್ನುತ್ತ ಹೋಗುತ್ತದೆ. ಇದೊಂದರ ವಿಷಯದಲ್ಲಿ 'ತಡ ಮಾಡಬೇಡಿ' ಎಂದು ಆ ಸೋಮಾರಿ ಪಂಗಡವೂ ಕೂಗುತ್ತದೆ.

ಹಸಿರು ಆದರೆ ಜಿಗುಟಿಲ್ಲ, ಗಟ್ಟಿಯಾಗಿ ಪುಡಿಪುಡಿ ಹರಳಿನ ಹಾಗೆ ಕೂತಿದೆ ಎಂದರೆ ಅದು ತಾಮ್ರದ ಕಿಲುಬು. ಯಾವ ದ್ರವಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಕೆರೆದರೆ ಕೆಳಗೆ ಕುಳಿ ಬೀಳುತ್ತದೆ. ಸಂರಕ್ಷಣೆ ಬಲ್ಲವರಿಗೆ ತೋರಿಸುವುದೊಂದೇ ದಾರಿ.

ಬೂದು ಬಣ್ಣದ, ಮೇಣದಂಥ, ದಪ್ಪನೆಯ ಹೊದಿಕೆ ಮಣ್ಣಿನಲ್ಲಿ ಬಹುಕಾಲ ಹೂತಿದ್ದ ನಾಣ್ಯಗಳ ಮೇಲಿರುತ್ತದೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನ ಅಚ್ಚು ಹಾಕಿಸಿದ ಇಮಾಮಿ ರೂಪಾಯಿಯೊಂದು ಹೊಲದ ಉಪ್ಪುಮಣ್ಣಿನಲ್ಲಿ ಇನ್ನೂರು ಚಿಲ್ಲರೆ ವರ್ಷ ಮಲಗಿತ್ತು ಎಂದುಕೊಳ್ಳಿ. ಮಣ್ಣಿನ ಉಪ್ಪು ಬೆಳ್ಳಿಯನ್ನೇ ಸಿಲ್ವರ್ ಕ್ಲೋರೈಡ್ ಆಗಿ ಬದಲಿಸಿರುತ್ತದೆ. ಚಾಕುವಿಗೆ ಸಿಗುವಷ್ಟು ಮೆತ್ತಗಿನ ಈ ಹೊದಿಕೆಯಲ್ಲಿ ಕೆಲವೊಮ್ಮೆ ಅಕ್ಷರಗಳೂ ಸೇರಿಹೋಗಿರುತ್ತವೆ. ಹೊದಿಕೆ ಕಿತ್ತರೆ ಅಕ್ಷರವೂ ಬಂತು. ಅಂದಹಾಗೆ ನೆಲದೊಳಗೆ ಸಿಕ್ಕಿದ್ದು ಉಜ್ಜುವ ವಿಷಯವೇ ಅಲ್ಲ, ಮೊದಲು ಸರ್ಕಾರಕ್ಕೆ ತಿಳಿಸುವ ವಿಷಯ. ನಿಧಿ ಕಾಯ್ದೆ ಇಂಥ ನಿಧಿಯನ್ನು ಜಿಲ್ಲಾಧಿಕಾರಿಗೆ ವರದಿ ಮಾಡಿ ಎನ್ನುತ್ತದೆ.

ಕಡೆಯದು ನಿಮ್ಮ ದೇವರ ಮನೆಯ ವಿಶೇಷ: ಅರಿಸಿನ, ಕುಂಕುಮ, ಗಂಧ, ಪಂಚಾಮೃತ, ತುಪ್ಪ, ಕರ್ಪೂರದ ಮಸಿ. ವರ್ಷಕ್ಕೊಂದು ಪದರದಂತೆ ಏರಿ ರಾಣಿಯ ಕಿರೀಟದ ಸಂದಿಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಇದು ಕೊಳೆ, ನಿಜವಾದ ಕೊಳೆ. ಇದನ್ನು ತೆಗೆಯಬಹುದು ಎಂದು ಅವರೂ ಒಪ್ಪುತ್ತಾರೆ.

ಹೇಗೆ ತೆಗೆಯುತ್ತಾರೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡುವವನಿಗೆ ಅಷ್ಟು ಬೇಸರ ತರಿಸುವ ಕೆಲಸ ಇನ್ನೊಂದಿಲ್ಲ. ಆ ಪಂಗಡದ ಒಬ್ಬರ ಮುಂದೆ 1862ರ ಒಂದು ರೂಪಾಯಿ. ರಾಣಿಯ ಕೊರಳ ಹಾರದ ಮಣಿಗಳ ನಡುವೆ ಹಸಿರು ಲೋಳೆ, 'ವಿಕ್ಟೋರಿಯಾ ಕ್ವೀನ್' ಎಂಬ ಅಕ್ಷರಗಳ ಹೊಟ್ಟೆಯೊಳಗೆ ಕೆಂಪು ಕುಂಕುಮ. ಬೆರಳಿಗೆ ನೈಟ್ರೈಲ್ ಕೈಗವಸು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿದು ಗಾಜಿನ ಬಟ್ಟಲಿಗೆ ಇಳಿಸಿದರು. ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆ, ಬೋರ್‌ವೆಲ್ ನೀರು ಒಣಗಿದ ಮೇಲೆ ಸುಣ್ಣದ ಕಲೆ ಬಿಡುತ್ತದೆ, ಅದಕ್ಕೇ ಇದು. ಹಾಗೇ ಬಿಟ್ಟು ಎದ್ದು ಹೋದರು. ಬಹಳ ಹೊತ್ತಿನ ಮೇಲೆ ನೀರು ತಿಳಿಗೆಂಪಾಗಿತ್ತು. ಸಕ್ಕರೆ, ಜೇನಿನಂಥ ನೀರಿಗೆ ಕರಗುವುದೆಲ್ಲ ತಾನಾಗಿ ಬಿಟ್ಟಿತ್ತು. ನೀರು ಬದಲಾಯಿತು. ಉಜ್ಜಲಿಲ್ಲ.

ಆಮೇಲೆ ಕಿಟಕಿ ತೆರೆದು, ದೀಪ, ಊದುಬತ್ತಿ, ಒಲೆ ಯಾವುದೂ ಹತ್ತಿರ ಉರಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಶುದ್ಧ ಅಸಿಟೋನ್ ಬಾಟಲಿ ತೆಗೆದರು. ಅದು ಬೇಗ ಆವಿಯಾಗುತ್ತದೆ, ಆವಿಗೆ ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅಸಿಟೋನ್ ಇರುತ್ತದೆ, ಆದರೆ ಅದರ ಜೊತೆಗೆ ಎಣ್ಣೆ, ಸುಗಂಧ, ಬಣ್ಣ ಬೆರೆಸಿರುತ್ತಾರೆ. ಹೀಗಾಗಿ ಅದು ಬೇಡ. ಪ್ಲಾಸ್ಟಿಕ್ ಬಟ್ಟಲೂ ಬೇಡ, ಕೆಲವು ಅದರಲ್ಲಿ ಕರಗುತ್ತವೆ. ಗಾಜಿನಲ್ಲಿ ನಾಣ್ಯ ಮುಳುಗುವಷ್ಟು ಸುರಿದು, ಮೇಲೊಂದು ಗಾಜಿನ ತಟ್ಟೆ ಮುಚ್ಚಿದರು. ಆಗಾಗ ಬಟ್ಟಲನ್ನು ಮೆಲ್ಲಗೆ ಅಲುಗಿಸಿದರು. ಹಸಿರು ಲೋಳೆ ಮೊದಲು ಮಸುಕಾಯಿತು, ಆಮೇಲೆ ಮಣಿಗಳ ಸಂದಿಯಿಂದ ಒಂದು ಎಳೆ ಬಿಟ್ಟುಕೊಂಡು ತೇಲಿತು. ಅರಿಸಿನದ ಹಳದಿ ನೀರಿಗೆ ಜಗ್ಗಿರಲಿಲ್ಲ, ಇದಕ್ಕೆ ಜಗ್ಗಿತು; ಅರಿಸಿನದ ಬಣ್ಣ ನೀರಿನಲ್ಲಿ ಕರಗದು, ಅಸಿಟೋನಿನಲ್ಲಿ ಕರಗುತ್ತದೆ. ತುಪ್ಪದ ಜಿಡ್ಡೂ ಅದರ ಹಿಂದೆ ಹೊರಟಿತು. ಕೊಳೆಯಾದ ದ್ರವ ಒಣಗಿದರೆ ತೆಳು ಪೊರೆ ಕೂರುತ್ತದೆಂದು ಹೊಸ ಅಸಿಟೋನಿನಲ್ಲಿ ಇನ್ನೊಂದು ಮುಳುಗು ಹಾಕಿಸಿ, ಎಳೆ ಬಿಡದ ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಲು ಬಿಟ್ಟರು. ಈಗಲೂ ಉಜ್ಜಲಿಲ್ಲ.

ನಾಣ್ಯ ಆಚೆ ಬಂದಾಗ ಕಪ್ಪು ಹಾಗೇ ಇತ್ತು! ಅಸಿಟೋನ್ ಬೆಳ್ಳಿಯನ್ನೂ ಮುಟ್ಟುವುದಿಲ್ಲ, ಸಲ್ಫೈಡನ್ನೂ ಮುಟ್ಟುವುದಿಲ್ಲ. ಹಾರದ ಮಣಿಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಹೊಳಪು ಮಾತ್ರ ಎಳ್ಳಷ್ಟೂ ಹೆಚ್ಚಿರಲಿಲ್ಲ. ಇಷ್ಟೆಲ್ಲ ಹೊತ್ತು ಕಳೆದು, 'ಆಮೇಲೆ' ಎಂದು ಫೋಟೊ ಹಾಕಿದರೆ ಹೆಬ್ಬೆರಳು ಎತ್ತುವವರು ಒಬ್ಬರೂ ಸಿಗದಂಥ ಫಲಿತಾಂಶ. ನಿಮಗೆ ಇದು ಬೇಕೆ?

ನಿಮ್ಮ ಬಳಿ ಇದಕ್ಕಿಂತ ಚುರುಕಾದ ವಿಧಾನಗಳಿವೆ ಎಂದು ಬಲ್ಲೆ. ಅವುಗಳ ಬಗ್ಗೆಯೂ ಆ ಪಂಗಡದ ಗೊಣಗಾಟ ಕೇಳಿಬಿಡಿ. ಹುಣಸೆ, ನಿಂಬೆಯ ಹುಳಿ ನಾಣ್ಯದೊಳಗಿನ ತಾಮ್ರವನ್ನು ಹೆಕ್ಕುತ್ತದೆ, ಜೊತೆಗೆ ಹಾಕಿದ ಉಪ್ಪು ಕ್ಲೋರೈಡನ್ನು ದಾನ ಮಾಡುತ್ತದೆ. ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಅಡುಗೆ ಸೋಡ ಸೇರಿಸಿದರೆ ಕಪ್ಪು ಕಣ್ಣೆದುರೇ ಮಾಯವಾಗುತ್ತದೆ, ಸ್ವಲ್ಪ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಊಟದ ಬೆಳ್ಳಿ ತಟ್ಟೆಗೆ ಅದು ಸರಿ. ನಾಣ್ಯಕ್ಕಾದರೆ ಸಲ್ಫೈಡಿನಿಂದ ಮರಳಿದ ಬೆಳ್ಳಿ ಸೊರಗಿದ, ಬಿಳಿಚಿದ ಮೇಲ್ಮೈಯಾಗಿ ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಬೆಳ್ಳಿ ಅದ್ದುವ ದ್ರವಗಳಲ್ಲಿ ಹಲವು ಥಯೋಯೂರಿಯ ಮತ್ತು ಆಮ್ಲದವು. ಮುಳುಗಿಸಿದ ಕ್ಷಣದಲ್ಲಿ ಪದರ ಹೋಗುತ್ತದೆ, ಪ್ರತಿ ಮುಳುಗಿಗೂ ಆ ಹರಿವಿನ ಗೆರೆಗಳು ಸ್ವಲ್ಪ ಸ್ವಲ್ಪ ಸವೆಯುತ್ತವೆ. ಚಿನಿವಾರ ಪೇಟೆಯಲ್ಲಿ ಬಫಿಂಗ್ ಚಕ್ರಕ್ಕೆ ಒಡ್ಡಿ 'ಹೊಸದರ ಹಾಗೆ' ಮಾಡಿಕೊಡುತ್ತಾರೆ. ಹೊಸದರ ಹಾಗೆ ಆಗುವುದು ಖಂಡಿತ, ಹಳೆಯದು ಉಳಿಯದಿರುವುದೂ ಅಷ್ಟೇ ಖಂಡಿತ.

ನಿಮ್ಮಲ್ಲೇ ಇನ್ನೂ ಮುಂದುವರಿದ ಕೆಲವರಿದ್ದಾರೆ. ಉಜ್ಜಿ ಬೆಳ್ಳಗೆ ಮಾಡಿದ್ದು ಮಾರಾಟವಾಗುವುದಿಲ್ಲವೆಂದು ತಿಳಿದ ಮೇಲೆ, ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಮತ್ತೆ ಕಪ್ಪು ಮಾಡುತ್ತಾರೆ. ಬಣ್ಣ ಬರುತ್ತದೆ, ಆದರೆ ಅದರಡಿಯಲ್ಲಿ ಬ್ರಷ್ಷಿನ ಗೀರುಗಳು ಹಾಗೇ ನಗುತ್ತಿರುತ್ತವೆ. ಮೊದಲು ಮುಖ ಕೆರೆದು ಆಮೇಲೆ ಪೌಡರ್ ಹಚ್ಚಿದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಲಂಬಾಣಿ ಹೆಂಗಸರ ಹಳೆಯ ಒಡವೆ, ಕಸೂತಿ ಬಟ್ಟೆಗಳಲ್ಲಿ ಕೊಂಡಿ ಬೆಸೆದ ಬೆಳ್ಳಿ ನಾಣ್ಯಗಳನ್ನು ಕಂಡಿರಬಹುದು. ಅಲ್ಲಿ ಬೆಸುಗೆಯ ಗುರುತು, ದಾರ ಉಜ್ಜಿದ ಸವಕಲು, ಮೈಬೆವರಿನ ಕಪ್ಪು ಎಲ್ಲವೂ ಆ ವಸ್ತುವಿನ ಕಥೆಯ ಭಾಗ. ಬೆಸುಗೆ ಕಿತ್ತು, ನಾಣ್ಯ ಬಿಡಿಸಿ, ಉಜ್ಜಿ ಆಲ್ಬಮ್ಮಿಗೆ ಸೇರಿಸಿದರೆ ಒಡವೆಯೂ ಹೋಯಿತು, ನಾಣ್ಯವೂ ಹೋಯಿತು. ಒಂದೇ ಏಟಿಗೆ ಎರಡನ್ನೂ ಮುಗಿಸುವ ಅವಕಾಶ ದಿನಾ ಸಿಗುವುದಿಲ್ಲ.

ನಾಣ್ಯ ಇಡುವ ವಿಷಯದಲ್ಲಿಯೂ ನಿಮ್ಮ ಸಂಪ್ರದಾಯ ನಮಗೆ ಅನುಕೂಲವೇ. ಹತ್ತು ಹತ್ತು ರೂಪಾಯಿಗಳ ಗಂಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕುತ್ತೀರಿ. ರಬ್ಬರಿನಲ್ಲಿ ಗಂಧಕವಿದೆ, ಅದು ಮುಟ್ಟಿದ ಕಡೆಯೆಲ್ಲ ಕಪ್ಪು ಗೆರೆ ಎಳೆಯುತ್ತದೆ. ಹಳೆಯ ಪೇಪರಿನಲ್ಲಿ ಸುತ್ತುತ್ತೀರಿ, ಉಣ್ಣೆ ಬಟ್ಟೆಯಲ್ಲಿ ಮುಚ್ಚಿಡುತ್ತೀರಿ. ಅವೂ ಗಂಧಕದ ಬಂಧುಗಳೇ. ಹೀಗೆ ವರ್ಷವಿಡೀ ಕಪ್ಪು ಮಾಡಿ ಶ್ರಾವಣದಲ್ಲಿ ಬೆಳ್ಳಗೆ ಮಾಡುವ ನಿಮ್ಮ ಚಕ್ರ ಎಲ್ಲೂ ನಿಲ್ಲದಂತೆ ತಿರುಗುತ್ತದೆ. ಆ ಪಂಗಡದವರು ಮಾತ್ರ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್, ಪಿವಿಸಿ ಇಲ್ಲದ ಪಾಲಿಯೆಸ್ಟರ್ ಚೀಲ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎಂದೆಲ್ಲ ದುಡ್ಡು ಸುರಿಯುತ್ತಾರೆ. ಕಪ್ಪೇ ಆಗದಿದ್ದರೆ ಹಬ್ಬದ ದಿನ ಏನು ಮಾಡುತ್ತಾರೋ ಪಾಪ.

ಹಾಗೆಂದು ಲಕ್ಷ್ಮಿಯ ಮುಂದೆ ಏನಿಡಬೇಕೆಂಬ ನಿಮ್ಮ ಚಿಂತೆಯನ್ನು ಹಗುರವಾಗಿ ಕಾಣಲಾರೆ. ನಾನು ಕೇಳಿರುವ ವ್ರತಕಥೆಯಲ್ಲಿ ಟೂತ್‌ಪೇಸ್ಟಿನ ಪ್ರಸ್ತಾಪ ಬರಲಿಲ್ಲ, ಆದರೂ ಹೊಳೆಯುವ ಬೆಳ್ಳಿ ಬೇಕೆನ್ನಿಸಿದರೆ ಅದಕ್ಕೂ ದಾರಿಯುಂಟು. ಈಗಿನ ಆಭರಣದಂಗಡಿಗಳಲ್ಲಿ ಲಕ್ಷ್ಮಿಯ ಚಿತ್ರವಿರುವ 999 ಶುದ್ಧತೆಯ ಹೊಸ ಬೆಳ್ಳಿ ನಾಣ್ಯ ಸಿಗುತ್ತದೆ. ಅದಕ್ಕೆ ಅರಿಸಿನ, ಕುಂಕುಮ, ಪಂಚಾಮೃತ ಎಲ್ಲ ಸಲ್ಲಿಸಿ, ಹಬ್ಬ ಮುಗಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ವಿಭೂತಿ ಹಾಕಿ ಮನದಣಿಯೆ ತಿಕ್ಕಿ. ಅದರ ಮೇಲೆ ಓದಬೇಕಾದ ಚುಕ್ಕೆ ಇಲ್ಲ, ಕಾಪಾಡಬೇಕಾದ ಸೊಂಡಿಲಿಲ್ಲ. ಅಜ್ಜಿಯ ರಾಣಿ ರೂಪಾಯಿಯನ್ನು ಪಾರದರ್ಶಕ ಕ್ಯಾಪ್ಸೂಲಿನಲ್ಲಿಟ್ಟು ಕಳಶದ ಪಕ್ಕ ಕೂರಿಸಿದರೆ ಪೂಜೆಗೂ ಬಂತು, ಕುಂಕುಮಕ್ಕೂ ಸಿಗಲಿಲ್ಲ. ಈ ಸಲಹೆ ಆ ಪಂಗಡದವರದ್ದು. ನನ್ನದಲ್ಲ ಎಂದು ದಯವಿಟ್ಟು ನೆನಪಿಡಿ. ನನ್ನ ಲಾಭಕ್ಕೆ ಇದರಷ್ಟು ವಿರುದ್ಧವಾದ ಸಲಹೆ ಮತ್ತೊಂದಿಲ್ಲ.

ಇಷ್ಟು ಓದಿದ ಮೇಲೂ ನಿಮ್ಮ ಸಂಕಲ್ಪ ಸಡಿಲವಾಗಿಲ್ಲ ಎಂದು ನಂಬುತ್ತೇನೆ. ಒಂದೇ ಒಂದು ಬಿನ್ನಹ. ಮುಂದಿನ ಬಾರಿ ಬ್ರಷ್ಷು ಎತ್ತುವ ಮುನ್ನ ತಟ್ಟೆಯಲ್ಲಿರುವ ರೂಪಾಯಿಗಳನ್ನು ಒಂದೊಂದಾಗಿ ಅಂಚಿನಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ಎರಡೂ ಬದಿ ನೋಡಿ: ಇಸವಿ ಯಾವುದು, ಚುಕ್ಕೆ ಎಷ್ಟು, ಹಸಿರಿದ್ದರೆ ಅದು ಜಿಗುಟೋ ಗಟ್ಟಿಯೋ. ನೋಡಿಯಾದ ಮೇಲೂ ಉಜ್ಜಬೇಕೆನ್ನಿಸಿದರೆ ಧಾರಾಳವಾಗಿ ಉಜ್ಜಿ. ನನ್ನ ಅನುಭವದಲ್ಲಿ ಹಾಗೆ ನೋಡಿದವರ ಕೈ ಬ್ರಷ್ಷಿನ ಕಡೆಗೆ ಹೋಗುವುದು ತೀರಾ ಕಡಿಮೆ. ನನ್ನ ವ್ಯಾಪಾರಕ್ಕೆ ಇರುವ ಏಕೈಕ ಬೆದರಿಕೆ ಎಂದರೆ ನಿಮ್ಮ ಕೈಗೊಂದು ಭೂತಗನ್ನಡಿ ಬರುವುದು.

ಇಂತಿ ನಿಮ್ಮ ಶ್ರಮದ ಫಲಾನುಭವಿ,
ಉಜ್ಜದ ರೂಪಾಯಿಗಳ ಒಬ್ಬ ಮಾಲೀಕ

ತಾ.ಕ.: ನಿಮ್ಮ ಮನೆಯಲ್ಲಿ 1911ರದ್ದೇನಾದರೂ ಇದ್ದರೆ, ಅದು ಆನೆಯೋ ಹಂದಿಯೋ ಎಂಬ ಸಂಶಯ ಬಂದರೆ ಮಧ್ಯಾಹ್ನವಾಗಲಿ ಮಧ್ಯರಾತ್ರಿಯಾಗಲಿ ನನಗೆ ತೋರಿಸಿ. ತೊಳೆಯದೆ ತನ್ನಿ. ಕಾಫಿ ನನ್ನ ಖರ್ಚು.